ಮೂರು ಸೂತಿನ ಪಿನ್ನು, ಇಂಚಿಗೆ ಹತ್ತು ಥ್ರೆಡ್: ನಾಲ್ಕು ಪೂಲ್ ಕ್ಯೂಗಳ ರಿಪೇರಿ ದಿನಚರಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಪೂಲ್ ಮತ್ತು ಸ್ನೂಕರ್ ಪಾರ್ಲರ್ ನಡೆಸುವ ಗೆಳೆಯರೊಬ್ಬರು ಫೆಬ್ರುವರಿಯಲ್ಲಿ ನಾಲ್ಕು ಪೂಲ್ ಕ್ಯೂಗಳನ್ನು (ಚೆಂಡು ಹೊಡೆಯುವ ಕೋಲುಗಳನ್ನು) ಹಳೆಯ ಚಾದರದಲ್ಲಿ ಸುತ್ತಿಕೊಂಡು ಗೋಕುಲ ರಸ್ತೆಯ ನನ್ನ ಶೆಡ್ಡಿಗೆ ತಂದರು. ನಾಲ್ಕಕ್ಕೂ ಒಂದೇ ದೂರು ಇತ್ತು: ನಡುವಿನ ಜಾಯಿಂಟನ್ನು ಎಷ್ಟು ಬಿಗಿಮಾಡಿದರೂ ಕ್ಯೂ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಹೊಡೆದಾಗ ಕೈಗೆ ಸಣ್ಣದೊಂದು ಅಲುಗಾಟ ತಟ್ಟುತ್ತಿತ್ತು. ನನ್ನ ಬಳಿ ಇರುವುದು ನಾಲ್ಕೂವರೆ ಅಡಿ ಬೆಡ್ಡಿನ ಹಳೆಯ ರಾಜಕೋಟ ಲೇಥ್, ಅಂದರೆ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರ. ಅದರ ಸ್ಪಿಂಡಲ್ಲಿನ (ತಿರುಗುವ ಟೊಳ್ಳು ದಂಡದ) ಒಳರಂಧ್ರ 38 ಮಿ.ಮೀ. ಇರುವುದರಿಂದ ಕ್ಯೂವಿನ ದಪ್ಪ ಭಾಗವೂ ಅದರೊಳಗೆ ಹಾಯುತ್ತದೆ. ಕಬ್ಬಿಣದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ನನಗೆ ಮರದಲ್ಲಿ ಒಂದು ರಂಧ್ರ ಕೊರೆದು ಥ್ರೆಡ್ ಹಾಕುವುದು ಎರಡು ದಿನದ ಕೆಲಸವೆಂದು ತೋರಿತ್ತು. ಎರಡು ತಿಂಗಳು ಹಿಡಿಯಿತು. ಏನೇನು ಮಾಡಿದೆ, ಎಲ್ಲೆಲ್ಲಿ ಕೆಡಿಸಿದೆ ಎಂಬುದನ್ನು ಅಂದಂದು ವಹಿಯಲ್ಲಿ ಬರೆದಿಟ್ಟಿದ್ದೆ. ಅದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಫೆಬ್ರುವರಿ 11: ಅಳತೆ

ಕ್ಯೂವಿನಲ್ಲಿ ಎರಡು ತುಂಡುಗಳಿರುತ್ತವೆ. ಕೈಯಲ್ಲಿ ಹಿಡಿಯುವ ದಪ್ಪ ತುಂಡು ಬಟ್, ಚೆಂಡಿನ ಕಡೆಗೆ ಚಾಚುವ ತೆಳು ತುಂಡು ಶಾಫ್ಟ್. ಬಟ್ಟಿನ ತುದಿಯಲ್ಲಿ ಲೋಹದ ಪಿನ್ನು ಕೂತಿರುತ್ತದೆ. ಶಾಫ್ಟಿನ ಬುಡದಲ್ಲಿ ಅದಕ್ಕೆ ತಕ್ಕ ಥ್ರೆಡ್ ಇರುವ ರಂಧ್ರವಿರುತ್ತದೆ. ಈ ನಾಲ್ಕರಲ್ಲೂ ಶಾಫ್ಟಿನ ಥ್ರೆಡ್ಡನ್ನು ನೇರವಾಗಿ ಮೇಪಲ್ ಮರದಲ್ಲೇ ಹಾಕಿದ್ದರು, ಹಿತ್ತಾಳೆಯ ಬುಷ್ ಇರಲಿಲ್ಲ.

ಮೈಕ್ರೋಮೀಟರಿನಲ್ಲಿ ಪಿನ್ನಿನ ಹೊರವ್ಯಾಸ 9.50 ಮಿ.ಮೀ., ಥ್ರೆಡ್ಡಿನ ತಳದ ವ್ಯಾಸ 7.85 ಮಿ.ಮೀ. ಬಂತು. ಒಂದು ಇಂಚಿನಲ್ಲಿ ಹತ್ತು ಥ್ರೆಡ್, ಅಂದರೆ ಒಂದು ಸುತ್ತಿಗೆ 2.54 ಮಿ.ಮೀ. ಮುನ್ನಡೆ. ವ್ಯಾಸ 3/8 ಇಂಚು, ಅಂದರೆ ಮೂರು ಸೂತು (ಒಂದು ಸೂತು ಇಂಚಿನ ಎಂಟನೇ ಒಂದು ಭಾಗ) ಆದ್ದರಿಂದ ಇದನ್ನು 3/8-10 ಎಂದು ಕರೆಯುತ್ತಾರೆ. ಜಾಯಿಂಟಿನ ಬಳಿ ಕ್ಯೂವಿನ ವ್ಯಾಸ 21.4 ಮಿ.ಮೀ. ಇದ್ದುದರಿಂದ ಪಿನ್ನಿನ ಸುತ್ತ ಉಳಿಯುವ ಮರದ ಗೋಡೆ ಆರು ಮಿ.ಮೀ.ಗಿಂತ ಸ್ವಲ್ಪ ಕಡಿಮೆ.

ಕ್ಯೂಗಳನ್ನು ಜೋಡಿಸಿ ದಪ್ಪ ಗಾಜಿನ ಹಾಳೆಯ ಮೇಲೆ ಉರುಳಿಸಿ ನೋಡಿದೆ. ಎರಡರಲ್ಲಿ ತುದಿಯು ಗಾಜಿನಿಂದ ಮೂರು ಮಿ.ಮೀ.ವರೆಗೆ ಏಳುತ್ತಿತ್ತು. ಆ ಎರಡರಲ್ಲಿ ಪಿನ್ನೇ ಓರೆಯಾಗಿ ಕೂತಿತ್ತು. ಉಳಿದೆರಡರ ಪಿನ್ನು ಸರಿಯಿದ್ದು, ಶಾಫ್ಟಿನ ಒಳಗಿನ ಥ್ರೆಡ್ ಸವೆದು ಹೋಗಿತ್ತು. ಒಟ್ಟು ಲೆಕ್ಕ ಹೀಗಾಯಿತು: ಎರಡು ಬಟ್ಟುಗಳಿಗೆ ಹೊಸ ಪಿನ್ನು, ನಾಲ್ಕೂ ಶಾಫ್ಟುಗಳಿಗೆ ಹೊಸ ಥ್ರೆಡ್.

ಆ ರಾತ್ರಿ ಮಾಡಿದ ಒಂದು ಗುಣಾಕಾರ ಮುಂದಿನ ಎಲ್ಲ ಕೆಲಸಕ್ಕೂ ಅಳತೆಗೋಲಾಯಿತು. ಶಾಫ್ಟಿನ ಉದ್ದ 736 ಮಿ.ಮೀ. ಜಾಯಿಂಟಿನ ಮುಖ 21.4 ಮಿ.ಮೀ. ಅಗಲದಲ್ಲಿ ಕೇವಲ 0.05 ಮಿ.ಮೀ. ಓರೆಯಾದರೆ, ಆ ಓರೆ ತುದಿಗೆ ಹೋಗುವಷ್ಟರಲ್ಲಿ ಸುಮಾರು 1.7 ಮಿ.ಮೀ. ಆಗುತ್ತದೆ. ಆದ್ದರಿಂದ ರಂಧ್ರವು ನಡುವೆ ಇದ್ದರಷ್ಟೇ ಸಾಲದು. ಮುಖ, ರಂಧ್ರ, ಥ್ರೆಡ್ ಈ ಮೂರನ್ನೂ ಚಕ್ (ಲೇಥಿನಲ್ಲಿ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಸಡಿಲಿಸದೆ ಒಂದೇ ಹಿಡಿತದಲ್ಲಿ ಮುಗಿಸಬೇಕು.

ಫೆಬ್ರುವರಿ 13: ಹಳೆಯ ಪಿನ್ನು ತೆಗೆದದ್ದು

ಮೊದಲನೆಯ ಬಟ್ಟಿನ ಪಿನ್ನನ್ನು ಪ್ಲೈಯರಿನಿಂದ ಕಚ್ಚಿ ಹಿಡಿದು ಬಲವಂತವಾಗಿ ತಿರುಗಿಸಿದೆ. ಇದು ತಪ್ಪು. ಅಂಟು ಬಿಡುವ ಬದಲು ಒಳಗಿನ ಬೀಟೆ ಮರದ ಸುಮಾರು 20 ಮಿ.ಮೀ. ಉದ್ದದ ಸಿಬಿರು ಪಿನ್ನಿನ ಜೊತೆಗೇ ಕಿತ್ತುಬಂತು. ಹೇಗೂ ಒಳಗೆ ಹೊಸ ಮರ ತುಂಬಬೇಕಿದ್ದುದರಿಂದ ಬಟ್ ಉಳಿಯಿತು, ಆದರೆ ಸಿಬಿರು ಹೊರಮೈಯವರೆಗೆ ಹೋಗಿದ್ದರೆ ಗೆಳೆಯರಿಗೆ ಹೊಸ ಬಟ್ಟನ್ನೇ ಕೊಡಿಸಬೇಕಾಗುತ್ತಿತ್ತು.

ಎರಡನೆಯದಕ್ಕೆ 60 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಪಿನ್ನಿಗೆ ಒತ್ತಿ ಆರು ನಿಮಿಷ ಹಿಡಿದೆ. ಎಪಾಕ್ಸಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಪಿನ್ನು ಸಾಮಾನ್ಯ ಸ್ಕ್ರೂವಿನಂತೆ ಸಲೀಸಾಗಿ ಬಿಚ್ಚಿಬಂತು.

ಎರಡೂ ಬಟ್ಟುಗಳ ರಂಧ್ರವನ್ನು 14 ಮಿ.ಮೀ.ಗೆ ಅಗಲಿಸಿ, 13.9 ಮಿ.ಮೀ.ಗೆ ಕಡೆದ ಬೀಟೆಯ ಗೂಟವನ್ನು ಅಂಟಿಸಿದೆ. ಶಾಫ್ಟುಗಳಿಗೆ ಪಾರ್ಲರಿನಲ್ಲೇ ಮುರಿದು ಬಿದ್ದಿದ್ದ ಒಂದು ಶಾಫ್ಟಿನಿಂದ ಮೇಪಲ್ ಗೂಟಗಳನ್ನು ಕಡೆದುಕೊಂಡೆ. ಎರಡು ದಿನ ಮುಟ್ಟಲಿಲ್ಲ.

ಫೆಬ್ರುವರಿ 16ರಿಂದ ಮಾರ್ಚ್ 2: ಟ್ಯಾಪ್

ಪೇಟೆಯ ಐದು ಹಾರ್ಡ್‌ವೇರ್ ಅಂಗಡಿಗಳಲ್ಲಿ ಮೂರು ಸೂತಿನ ಟ್ಯಾಪ್, ಅಂದರೆ ರಂಧ್ರದೊಳಗೆ ಥ್ರೆಡ್ ಕತ್ತರಿಸುವ ಉಪಕರಣ, ಕೇಳಿದೆ. ಐದರಲ್ಲೂ ಕೊಟ್ಟದ್ದು ಇಂಚಿಗೆ ಹದಿನಾರು ಥ್ರೆಡ್ಡಿನದೇ. ಅದರಲ್ಲಿ ಅಂಗಡಿಯವರ ತಪ್ಪೇನಿಲ್ಲ; ಮೂರು ಸೂತಿಗೆ ಬಿಎಸ್‌ಡಬ್ಲ್ಯೂ (ಬ್ರಿಟಿಷ್ ಮಾನಕ) ಆದರೂ ಯುಎನ್‌ಸಿ (ಅಮೆರಿಕನ್ ಮಾನಕ) ಆದರೂ ಹದಿನಾರೇ ಇರುವುದು ಕ್ರಮ. ಎಂ10 (10 ಮಿ.ಮೀ. ಮೆಟ್ರಿಕ್ ಥ್ರೆಡ್) ತೆಗೆದುಕೊಂಡರೆ ಅದರ ಪಿಚ್, ಅಂದರೆ ಒಂದು ಸುತ್ತಿನ ಮುನ್ನಡೆ, 1.5 ಮಿ.ಮೀ. ಹತ್ತು ಥ್ರೆಡ್ಡಿನದು ಮರಕ್ಕೆಂದೇ ದಪ್ಪವಾಗಿ ಮಾಡಿದ, ತಳ ಚಪ್ಪಟೆಯಾದ ಥ್ರೆಡ್. ಆದ್ದರಿಂದ ಟ್ಯಾಪನ್ನು ನಾನೇ ಮಾಡಿಕೊಳ್ಳಲು ನಿರ್ಧರಿಸಿದೆ.

10 ಮಿ.ಮೀ. ಸಿಲ್ವರ್ ಸ್ಟೀಲ್ (ಹದ ಕೊಟ್ಟರೆ ಗಟ್ಟಿಯಾಗುವ ಉಕ್ಕು) ಸರಳಿನ ಒಂದು ತುದಿಯನ್ನು 9.55 ಮಿ.ಮೀ.ಗೆ ಕಡೆದು, ಹಿಂಭಾಗವನ್ನು ಹಾಗೆಯೇ ಬಿಟ್ಟೆ. ನನ್ನ ಲೇಥಿನ ಲೀಡ್ ಸ್ಕ್ರೂವಿಗೆ (ಟೂಲನ್ನು ಮುಂದೆ ನಡೆಸುವ ಉದ್ದ ಸ್ಕ್ರೂವಿಗೆ) ಇಂಚಿಗೆ ನಾಲ್ಕು ಥ್ರೆಡ್ ಇರುವುದರಿಂದ ಹತ್ತು ಥ್ರೆಡ್ ಕತ್ತರಿಸಲು ಅನುಪಾತ ನಾಲ್ಕಕ್ಕೆ ಹತ್ತು: ಸ್ಪಿಂಡಲ್ ಕಡೆ 40 ಹಲ್ಲಿನ ಗೇರ್, ಲೀಡ್ ಸ್ಕ್ರೂ ಕಡೆ 100 ಹಲ್ಲಿನ ಗೇರ್. ಟೂಲ್ ಬಿಟ್ಟನ್ನು 60 ಡಿಗ್ರಿಗೆ ಮಸೆದು, ಮೂತಿಯನ್ನು 0.75 ಮಿ.ಮೀ. ಅಗಲಕ್ಕೆ ಚಪ್ಪಟೆ ಮಾಡಿದೆ. ಥ್ರೆಡ್ಡಿನ ಆಳವನ್ನು 0.85 ಮಿ.ಮೀ.ಗೆ ನಿಲ್ಲಿಸಿದಾಗ ಟ್ಯಾಪಿನ ಥ್ರೆಡ್ ನೆತ್ತಿಯ ಅಗಲ 0.8 ಮಿ.ಮೀ. ಆಯಿತು. ಪಿನ್ನಿನ ನೆತ್ತಿ ಅದಕ್ಕಿಂತ ಕೂದಲೆಳೆಯಷ್ಟು ಸಣ್ಣದಿತ್ತು. ಬೇಕಾಗಿದ್ದದ್ದೂ ಅದೇ. ಮುಂಭಾಗದ 12 ಮಿ.ಮೀ. ಉದ್ದವನ್ನು ಇಳಿಜಾರು ಮಾಡಿ, ಪಕ್ಕದ ಮಿಲ್ಲಿಂಗ್ ಶೆಡ್ಡಿನಲ್ಲಿ ಇನ್ನೂರು ರೂಪಾಯಿ ಕೊಟ್ಟು ಮೂರು ಫ್ಲೂಟ್ (ಹೊಟ್ಟು ಸರಿದು ಹೋಗುವ ಉದ್ದ ಗೀರು) ಹೊಡೆಸಿದೆ.

ಹದ ಕೊಡುವಾಗ ಮೊದಲ ಟ್ಯಾಪು ಹಾಳಾಯಿತು. ಕೆಂಪಗೆ ಕಾಯಿಸಿದ ಟ್ಯಾಪನ್ನು ಇಕ್ಕಳದಲ್ಲಿ ಹಿಡಿದು ಅವಸರದಲ್ಲಿ ಓರೆಯಾಗಿ ನೀರಿಗೆ ಅದ್ದಿದೆ. ಒಂದು ಮಗ್ಗುಲು ಮೊದಲು ತಣ್ಣಗಾಗಿ ಟ್ಯಾಪು ಬಾಗಿತು. ಡಯಲ್ ಗೇಜಿನಲ್ಲಿ (ಸಣ್ಣ ಓಲಾಟವನ್ನು ಮುಳ್ಳಿನಿಂದ ತೋರಿಸುವ ಮಾಪಕದಲ್ಲಿ) 0.25 ಮಿ.ಮೀ. ಓಲಾಟ ಕಂಡಿತು. ನೋಡಲು ನೆಟ್ಟಗೇ ಇದ್ದುದರಿಂದ ಅದನ್ನೇ ಒಂದು ಮೇಪಲ್ ತುಂಡಿನಲ್ಲಿ ಓಡಿಸಿದೆ. ರಂಧ್ರ ಎಷ್ಟು ಅಗಲವಾಯಿತೆಂದರೆ ಪಿನ್ನು ಅದರಲ್ಲಿ ಬೀಗದ ಕೈಯಂತೆ ಅಲ್ಲಾಡುತ್ತಿತ್ತು. ಇನ್ನೊಂದು ಸರಳು ತಂದು ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಈ ಬಾರಿ ಹಿಂಭಾಗಕ್ಕೆ ತಂತಿ ಕಟ್ಟಿ, ತೂಗುಬಿಟ್ಟು, ಬಾವಿಗೆ ಕೊಡ ಇಳಿಸಿದ ಹಾಗೆ ನೇರವಾಗಿ ಅದ್ದಿದೆ. ಆ ಮೇಲೆ ಎಮರಿಯಿಂದ ಹೊಳಪು ಕೊಟ್ಟು, ಕಾದ ಕಬ್ಬಿಣದ ಹಲಗೆಯ ಮೇಲೆ ಹೊರಳಿಸುತ್ತ, ಮೈ ಒಣಗಿದ ಜೋಳದ ಕಣಿಕೆಯ ಬಣ್ಣಕ್ಕೆ ಬಂದೊಡನೆ ತೆಗೆದು ತಣಿಸಿದೆ. ಓಲಾಟ 0.03 ಮಿ.ಮೀ.

ಮಾರ್ಚ್ 5: ಡ್ರಿಲ್ ಮಾಡಿದ ಮೋಸ

ಬಟ್ಟಿಗೆ ಕೈಹಚ್ಚುವ ಮೊದಲು ಮೇಪಲ್ಲಿನ ಒಂದು ವ್ಯರ್ಥ ತುಂಡನ್ನು ತ್ರೀ-ಜಾ ಚಕ್ಕಿನಲ್ಲಿ ಹಿಡಿದು, ಸೆಂಟರ್ ಡ್ರಿಲ್ ಹಾಕಿ, 7.9 ಮಿ.ಮೀ. ಡ್ರಿಲ್ಲಿನಿಂದ 45 ಮಿ.ಮೀ. ಆಳಕ್ಕೆ ಕೊರೆದೆ. ಬಾಯಿಯಲ್ಲಿ ರಂಧ್ರ ನಡುಮಧ್ಯದಲ್ಲೇ ಇತ್ತು. ಅದರೊಳಗೆ ಬಿಗಿಯಾಗಿ ಕೂರುವ ಸರಳು ಸಿಕ್ಕಿಸಿ, ಹೊರಗೆ 40 ಮಿ.ಮೀ. ದೂರದಲ್ಲಿ ಡಯಲ್ ಇಟ್ಟು ಚಕ್ಕನ್ನು ಕೈಯಿಂದ ತಿರುಗಿಸಿದರೆ ಮುಳ್ಳು 0.6 ಮಿ.ಮೀ. ಓಡಾಡಿತು. ತುಂಡನ್ನು ಉದ್ದಕ್ಕೆ ಸೀಳಿ ನೋಡಿದೆ. ರಂಧ್ರ ಒಳಗೆ ಹೋದಂತೆ ಸ್ಪಷ್ಟವಾಗಿ ಒಂದು ಮಗ್ಗುಲಿಗೆ ಸರಿದಿತ್ತು.

ರೈಲ್ವೆ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿ ನಿವೃತ್ತರಾದ ನೆರೆಯ ಕಾಕಾ ಸಂಜೆ ಶೆಡ್ಡಿಗೆ ಬರುವುದುಂಟು. ಸೀಳಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ ಅವರು ಹೇಳಿದರು: ‘ತಮ್ಮಾ, ಕಟಗಿ ಎಳಿ ಯಾಕಡೆ ಹೋಗತೈತಿ, ಡ್ರಿಲ್ಲೂ ಆಕಡೇನ ಹೋಗತೈತಿ. ಬೋರಿಂಗ್ ಬಾರ್ ಹಂಗಲ್ಲ, ನೀ ಹೇಳಿದಲ್ಲೇ ಹೋಗತೈತಿ.’ ಡ್ರಿಲ್ಲಿನ ಮೂತಿಗೆ ಒಂದು ಕಡೆ ಗಟ್ಟಿ ಎಳೆ, ಇನ್ನೊಂದು ಕಡೆ ಮೆದು ಎಳೆ ಸಿಕ್ಕರೆ ಅದು ಮೆದುವಿನ ಕಡೆಗೆ ವಾಲುತ್ತದೆ. ಒಂದೇ ಅಲಗಿನ ಬೋರಿಂಗ್ ಬಾರ್ ಲೇಥಿನ ಅಕ್ಷದ ಸುತ್ತಲಷ್ಟೇ ಕತ್ತರಿಸುವುದರಿಂದ ಮೊದಲಿನ ರಂಧ್ರ ಓರೆಯಾಗಿದ್ದರೂ ಅದನ್ನು ತಿದ್ದುತ್ತದೆ.

ಎಂಟು ಮಿ.ಮೀ. ರಂಧ್ರದೊಳಗೆ 45 ಮಿ.ಮೀ. ಆಳ ಹೋಗುವ ಬಾರ್ ಅಂಗಡಿಯಲ್ಲಿ ಸಿಗಲಿಲ್ಲ. ಮುರಿದ 6 ಮಿ.ಮೀ. ಕಾರ್ಬೈಡ್ ಎಂಡ್‌ಮಿಲ್ಲಿನ (ಮಿಲ್ಲಿಂಗ್ ಉಪಕರಣದ) ಶ್ಯಾಂಕನ್ನು, ಅಂದರೆ ಹಿಡಿಯುವ ದಂಡವನ್ನು, ಹಸಿರು ಗ್ರೈಂಡಿಂಗ್ ವೀಲಿನಲ್ಲಿ ಮಸೆದು ಮಾಡಿಕೊಂಡೆ. ತುದಿಯಲ್ಲಿ ಒಂದೇ ಚೂಪು ಅಲಗು, ಅದರ ಹಿಂದೆ ಮರಕ್ಕೆ ಉಜ್ಜದಂತೆ ಚೆನ್ನಾಗಿ ತೆರವು. ಉಕ್ಕಿನ ಬಾರ್ ಇಷ್ಟು ತೆಳುವಾಗಿದ್ದರೆ ನಡುಗುತ್ತಿತ್ತು. ಕಾರ್ಬೈಡ್ ಬಾಗುವುದು ಕಡಿಮೆ.

ಮಾರ್ಚ್ 12: ಮೊದಲ ಬಟ್

ಬಟ್ಟನ್ನು ಸ್ಪಿಂಡಲ್ಲಿನೊಳಗೆ ತೂರಿಸಿ, ಜಾಯಿಂಟಿನ ತುದಿ ಚಕ್ಕಿನಿಂದ 25 ಮಿ.ಮೀ. ಮಾತ್ರ ಹೊರಗಿರುವಂತೆ ಫೋರ್-ಜಾ ಚಕ್ಕಿನಲ್ಲಿ ಹಿಡಿದೆ. ದವಡೆಗಳಿಗೆ ಅಲ್ಯೂಮಿನಿಯಂ ಪಟ್ಟಿ, ಮರಕ್ಕೆ ಕಾಗದದ ಟೇಪು. ಹಿಂದಿನ ತುದಿಗೆ ಮೂರು ಸ್ಕ್ರೂಗಳಿರುವ ಮರದ ಬಳೆಯೊಂದನ್ನು ಮಾಡಿ ಸ್ಪಿಂಡಲ್ಲಿನ ಹಿಂಬದಿಗೆ ಕೂರಿಸಿದ್ದೆ. ಅದಿಲ್ಲದಿದ್ದರೆ ಮುಕ್ಕಾಲು ಮೀಟರ್ ಉದ್ದದ ಬಟ್ ಒಳಗೇ ಚಾಟಿಯಂತೆ ಬೀಸುತ್ತದೆ.

ಡಯಲನ್ನು ಚಕ್ಕಿನ ಹತ್ತಿರ ಒಂದು ಕಡೆ, ತುದಿಯಲ್ಲಿ ಇನ್ನೊಂದು ಕಡೆ ಇಟ್ಟು, ಮುಂದೆ ದವಡೆ, ಹಿಂದೆ ಬಳೆಯ ಸ್ಕ್ರೂ ಎಂದು ಸರದಿಯ ಮೇಲೆ ತಿದ್ದುತ್ತ ಹೋದೆ. ಎರಡೂ ಕಡೆ 0.02 ಮಿ.ಮೀ.ಗೆ ತರಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಒಂದೇ ಜಾಗದಲ್ಲಿ ನೋಡಿ ಬಿಟ್ಟಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು, ಆದರೆ ಬಟ್ ಓರೆಯಾಗಿ ನಿಂತೇ ನಡುವೆ ತಿರುಗುತ್ತಿರುತ್ತಿತ್ತು. ಈ ಕೆಲಸದ ಅರ್ಧದಷ್ಟು ಪಾಲು ಈ ಹಿಡಿತವೇ ಎಂದು ನನಗೆ ಅನಿಸುತ್ತದೆ.

ಅನಂತರ ಮುಖ ಸವರಿದೆ, 7 ಮಿ.ಮೀ. ಡ್ರಿಲ್ಲಿನಿಂದ 48 ಮಿ.ಮೀ. ಆಳ ಕೊರೆದೆ, ಬೋರಿಂಗ್ ಬಾರಿನಿಂದ ನಾಲ್ಕು ಸಲಕ್ಕೆ 7.9 ಮಿ.ಮೀ.ಗೆ ತಂದೆ. ಕೊನೆಯ ಸಲ 0.1 ಮಿ.ಮೀ. ಮಾತ್ರ ತೆಗೆದೆ. ಬಾಯಿಯ ಬಳಿ 6 ಮಿ.ಮೀ. ಆಳಕ್ಕೆ, ಪಿನ್ನಿನ ಹೊರಮೈ ಬೆರಳೊತ್ತಿಗೆ ಜಾರುವಷ್ಟು ಬಿಗಿಯಾದ ಪೀಠವನ್ನೂ ಅದೇ ಬಾರಿನಿಂದ ಬೋರ್ ಮಾಡಿದೆ. ಪಿನ್ನನ್ನು ನಡುವೆ ನಿಲ್ಲಿಸುವುದು ಈ ಪೀಠ. ಥ್ರೆಡ್ಡಿನ ಕೆಲಸ ಎಳೆದು ಹಿಡಿಯುವುದಷ್ಟೇ. ಸರಳು ಸಿಕ್ಕಿಸಿ 40 ಮಿ.ಮೀ. ಹೊರಗೆ ನೋಡಿದಾಗ ಡಯಲ್ 0.03 ತೋರಿಸಿತು.

ಮಾರ್ಚ್ 13ರಿಂದ 17: ಥ್ರೆಡ್

ಚಕ್ ಮುಟ್ಟದೆ, ಟ್ಯಾಪನ್ನು ಟೇಲ್‌ಸ್ಟಾಕಿನ (ಸ್ಪಿಂಡಲ್ಲಿಗೆ ಎದುರು ತುದಿಯಲ್ಲಿ ಬೆಡ್ಡಿನ ಮೇಲೆ ಸರಿಯುವ ಭಾಗದ) ಡ್ರಿಲ್ ಚಕ್ಕಿಗೆ ಹಾಕಿ, ಟೇಲ್‌ಸ್ಟಾಕಿನ ನಟ್ ಸಡಿಲಿಸಿ, ಸ್ಪಿಂಡಲ್ಲನ್ನು ಕೈಯಿಂದ ತಿರುಗಿಸುವುದೆಂದು ಅಂದುಕೊಂಡಿದ್ದೆ. ಕಬ್ಬಿಣದಲ್ಲಿ ನಾನು ಯಾವಾಗಲೂ ಮಾಡುವುದು ಹೀಗೆಯೇ. ಮರದಲ್ಲಿ ನಡೆಯಲಿಲ್ಲ. ಟೇಲ್‌ಸ್ಟಾಕಿನ ಭಾರವನ್ನು ಎಳೆದುಕೊಂಡು ಹೋಗಬೇಕಾದದ್ದು ಟ್ಯಾಪು ಅದೇತಾನೇ ಕತ್ತರಿಸಿದ ಮೊದಲ ಎರಡು ಥ್ರೆಡ್ಡುಗಳು. ಅವು ಪುಡಿಯಾಗಿ, ಟ್ಯಾಪು ಅಲ್ಲೇ ಸುತ್ತಿ ರಂಧ್ರವನ್ನು ನುಣ್ಣಗೆ ಮಾಡಿತು. ಅದೃಷ್ಟಕ್ಕೆ ಇದನ್ನು ಬಟ್ಟಿನಲ್ಲಿ ಅಲ್ಲ, ಅದೇ ಅಳತೆಗೆ ಬೋರ್ ಮಾಡಿಟ್ಟಿದ್ದ ಇನ್ನೊಂದು ತುಂಡಿನಲ್ಲಿ ಕೈಯಲ್ಲಿ ಹಿಡಿದು ಮೊದಲು ಪರೀಕ್ಷಿಸಿದ್ದೆ.

ನಾಲ್ಕು ದಿನ ಯೋಚಿಸಿದ ಮೇಲೆ ಹೊಳೆದದ್ದು ಇದು. ಟ್ಯಾಪಿನ ಥ್ರೆಡ್ ಕತ್ತರಿಸಿದ 40 ಮತ್ತು 100ರ ಗೇರುಗಳೇ ಟ್ಯಾಪನ್ನು ಮರದೊಳಗೆ ನಡೆಸಿದರೆ ಮರ ಯಾವ ಭಾರವನ್ನೂ ಎಳೆಯಬೇಕಾಗಿಲ್ಲ. ಟೂಲ್ ಪೋಸ್ಟಿಗೆ (ಲೇಥಿನ ಟೂಲ್ ಹಿಡಿಯುವ ಭಾಗಕ್ಕೆ) ಒಂದು ಕಬ್ಬಿಣದ ಗಟ್ಟಿಯನ್ನು ಬಿಗಿದು, ಅದರಲ್ಲಿ ಟ್ಯಾಪಿನ ಹಿಂಭಾಗ ಕೂರುವ 10 ಮಿ.ಮೀ. ರಂಧ್ರ ಬೇಕಿತ್ತು. ಆ ರಂಧ್ರ ಲೇಥಿನ ಅಕ್ಷದ ಮೇಲೆಯೇ ಬರಬೇಕೆಂದರೆ ಸ್ಪಿಂಡಲ್ಲಿಗೆ ಡ್ರಿಲ್ ಹಾಕಿ ಕೊರೆಯುವುದೇ ದಾರಿ. ಇದಕ್ಕಾಗಿ ಬಟ್ಟನ್ನು ಚಕ್ಕಿನಿಂದ ತೆಗೆಯಬೇಕಾಯಿತು. ಗಂಟೆ ನಲವತ್ತು ನಿಮಿಷದ ಹಿಡಿತ ಹೋಯಿತು. ಗಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡು ಆಮೇಲೆ ಕ್ಯೂ ಹಿಡಿಯಬೇಕೆಂದು ವಹಿಯಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದೇನೆ. ಕ್ರಾಸ್ ಸ್ಲೈಡನ್ನು (ಟೂಲ್ ಪೋಸ್ಟನ್ನು ಅಡ್ಡಕ್ಕೆ ಸರಿಸುವ ಭಾಗವನ್ನು) ಅಲ್ಲಿಯೇ ಬಿಗಿದು, ಡಯಲಿನ ಅಂಕಿ ಬರೆದಿಟ್ಟುಕೊಂಡರೆ ಮತ್ತೆ ಮತ್ತೆ ಅದೇ ಜಾಗಕ್ಕೆ ಬರಬಹುದು.

ಬಟ್ಟನ್ನು ಮರಳಿ ಹಿಡಿದು, ಮುಖವನ್ನೂ ರಂಧ್ರವನ್ನೂ ಇನ್ನೊಮ್ಮೆ ಸವರಿ, ಕ್ಯಾರಿಯೇಜನ್ನು (ಟೂಲ್ ಪೋಸ್ಟನ್ನು ಹೊತ್ತು ಬೆಡ್ಡಿನ ಮೇಲೆ ಸರಿಯುವ ಭಾಗವನ್ನು) ಲೀಡ್ ಸ್ಕ್ರೂವಿಗೆ ಜೋಡಿಸುವ ಹಾಫ್ ನಟ್ ಹಾಕಿ, ಅದನ್ನು ಅಂಗೈಯಿಂದ ಮುಂದಕ್ಕೆ ಮೆಲ್ಲಗೆ ಒತ್ತಿ ಹಿಡಿದು ಸಡಿಲನ್ನು ತೆಗೆದು, ಚಕ್ಕನ್ನು ಕೈಯಿಂದ ಸುತ್ತಿದೆ. ಟ್ಯಾಪು ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಹಿಂದೆ ಬರುವಾಗ ಮಾತ್ರ ಎಚ್ಚರ ಬೇಕು. ಚಕ್ಕನ್ನು ಹಿಂದಕ್ಕೆ ತಿರುಗಿಸಿದರೆ ಲೀಡ್ ಸ್ಕ್ರೂವಿನ ಸಡಿಲು ತೀರುವವರೆಗೆ ಕ್ಯಾರಿಯೇಜ್ ಕದಲುವುದಿಲ್ಲ, ಆ ಹೊತ್ತಿನಲ್ಲಿ ಹೊಸ ಥ್ರೆಡ್ ಕಿತ್ತುಹೋಗುತ್ತದೆ. ಆದ್ದರಿಂದ 20 ಮಿ.ಮೀ. ಆಳವಾದೊಡನೆ ನಿಲ್ಲಿಸಿ, ಗಟ್ಟಿಯಲ್ಲಿ ಟ್ಯಾಪನ್ನು ಹಿಡಿದ ಗ್ರಬ್ ಸ್ಕ್ರೂ ಸಡಿಲಿಸಿ, ಹಾಫ್ ನಟ್ ಬಿಚ್ಚಿ ಕ್ಯಾರಿಯೇಜನ್ನು ಹಿಂದೆ ಸರಿಸಿ, ಟ್ಯಾಪನ್ನು ಕೈಯಿಂದ ಬಿಚ್ಚಿ ಹೊಟ್ಟು ಊದಿ ತೆಗೆದೆ. ಅಷ್ಟರಲ್ಲಿ ಏಳೆಂಟು ಥ್ರೆಡ್ ದಾರಿ ತೋರಿಸಲು ಸಿದ್ಧವಾಗಿರುವುದರಿಂದ ಉಳಿದ ಆಳವನ್ನು ಟ್ಯಾಪ್ ಹ್ಯಾಂಡಲಿನಿಂದ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಮುಗಿಸಿದೆ.

ಮಾರ್ಚ್ 20: ಪಿನ್ನು ಎದ್ದು ನಿಂತದ್ದು

ಬೆಂಗಳೂರಿನಿಂದ ಕೊರಿಯರಿನಲ್ಲಿ ತರಿಸಿದ್ದ ಸ್ಟೇನ್‌ಲೆಸ್ ಪಿನ್ನುಗಳ ಉದ್ದ 76 ಮಿ.ಮೀ. ಅದರಲ್ಲಿ 44 ಒಳಗೆ, 32 ಹೊರಗೆ. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟನ್ನು ರಂಧ್ರದೊಳಕ್ಕೂ ಪಿನ್ನಿಗೂ ಧಾರಾಳವಾಗಿ ಹಚ್ಚಿ ತಿರುಗಿಸಿ ಕೂರಿಸಿದೆ. ಧಾರಾಳವೇ ತಪ್ಪಾಯಿತು. ರಂಧ್ರದ ತಳ ಮುಚ್ಚಿರುವುದರಿಂದ ಒಳಗಿನ ಗಾಳಿಗೂ ಅಂಟಿಗೂ ಹೊರಬರಲು ದಾರಿಯಿರಲಿಲ್ಲ. ಬೆಳಿಗ್ಗೆ ನೋಡಿದರೆ ಪಿನ್ನು ಥ್ರೆಡ್ಡಿನ ಸಡಿಲಿನಷ್ಟು ಮೇಲೆದ್ದು, ಒಂದು ಮಗ್ಗುಲಿಗೆ 0.15 ಮಿ.ಮೀ. ವಾಲಿ ಗಟ್ಟಿಯಾಗಿತ್ತು. ಮತ್ತೆ ಸೋಲ್ಡರಿಂಗ್ ಐರನ್, ಮತ್ತೆ ಬಿಚ್ಚುವುದು, ಟ್ಯಾಪಿನಿಂದ ಅಂಟು ಕೆರೆಯುವುದು.

ಎರಡನೆಯ ಸಲ ಪಿನ್ನಿನ ಥ್ರೆಡ್ಡಿಗೆ ಅಡ್ಡವಾಗಿ, ಒಳಗೆ ಹೋಗುವ ಭಾಗದ ಉದ್ದಕ್ಕೂ ತ್ರಿಕೋನದ ಅರದಿಂದ ಒಂದು ಮಿ.ಮೀ. ಆಳದ ಗೀರು ಹಾಕಿದೆ. ಅಂಟನ್ನು ರಂಧ್ರದ ಗೋಡೆಗೆ ಮಾತ್ರ ತೆಳುವಾಗಿ ಸವರಿದೆ. ಕೂರಿಸುವಾಗ ಗೀರಿನಿಂದ ಅಂಟು ನಿಧಾನವಾಗಿ ಹೊರಗೆ ಉಕ್ಕಿತು, ಬಟ್ಟೆಯಿಂದ ಒರೆಸಿದೆ. ಟೇಲ್‌ಸ್ಟಾಕಿನ ಸೆಂಟರನ್ನು ಪಿನ್ನಿನ ತುದಿಯ ಕುಳಿಗೆ ತಾಗಿಸಿ, ರಾತ್ರಿಯಿಡೀ ಲೇಥಿನಲ್ಲೇ ಬಿಟ್ಟೆ. ಬೆಳಿಗ್ಗೆ ಪಿನ್ನಿನ ತುದಿಯಲ್ಲಿ ಓಲಾಟ 0.04 ಮಿ.ಮೀ. ಇತ್ತು. ಎರಡನೆಯ ಬಟ್ 0.05ಕ್ಕೆ ಬಂತು.

ಮಾರ್ಚ್ 26ರಿಂದ ಏಪ್ರಿಲ್ 6: ಶಾಫ್ಟುಗಳು

ಶಾಫ್ಟಿಗೂ ಕ್ರಮ ಅದೇ. ವ್ಯತ್ಯಾಸ ಮರದ್ದು. ಏಪ್ರಿಲ್ ಹೊತ್ತಿಗೆ ನಮ್ಮ ಕಡೆಯ ಬಿಸಿಲಿಗೆ ಮೇಪಲ್ ಚೆನ್ನಾಗಿ ಒಣಗಿ, ಥ್ರೆಡ್ಡಿನ ನೆತ್ತಿ ಉದುರುತ್ತದೆ. ಮೊದಲ ಶಾಫ್ಟಿನಲ್ಲಿ ಬಾಯಿಯ ಥ್ರೆಡ್ ಮುಖದ ಮರವನ್ನೇ ಉಂಗುರದಂತೆ ಎತ್ತಿತು. ಮುಖವನ್ನು ಅರ್ಧ ಮಿ.ಮೀ. ಸವರಿ ತೆಗೆಯಬೇಕಾಯಿತು. ಉಳಿದ ಮೂರಕ್ಕೆ ಥ್ರೆಡ್ ಹಾಕುವ ಮೊದಲೇ ಬಾಯಿಯನ್ನು 9.6 ಮಿ.ಮೀ. ವ್ಯಾಸಕ್ಕೆ 3 ಮಿ.ಮೀ. ಆಳ ಬೋರ್ ಮಾಡಿದೆ. ಆ ತೊಂದರೆ ಮತ್ತೆ ಬರಲಿಲ್ಲ.

ಥ್ರೆಡ್ ಹಾಕಿದ ಮೇಲೆ ಫೆವಿಕ್ವಿಕ್ಕನ್ನು ಹನಿ ಹನಿಯಾಗಿ ಒಳಗೆ ಬಿಟ್ಟು, ಶಾಫ್ಟನ್ನು ಹೊರಳಿಸುತ್ತ ಎಲ್ಲ ಕಡೆ ಹಬ್ಬುವಂತೆ ಮಾಡಿದೆ. ಅದು ಎಳೆಗಳಿಗೆ ಇಂಗಿ ಮರವನ್ನು ಗಟ್ಟಿ ಮಾಡುತ್ತದೆ. ಹೊಗೆ ಕಣ್ಣಿಗೆ ಉರಿ ತರುವುದರಿಂದ ಬಾಗಿಲ ಬಳಿ ಕೂತು ಮಾಡುವುದು ಒಳ್ಳೆಯದು. ಒಂದು ಶಾಫ್ಟಿನಲ್ಲಿ ಎರಡೇ ಗಂಟೆಗೆ ಟ್ಯಾಪನ್ನು ಮರಳಿ ಓಡಿಸಿದೆ. ಒಳಗೆ ಇನ್ನೂ ಹಸಿಯಿದ್ದ ಅಂಟಿಗೆ ಟ್ಯಾಪು ಕಚ್ಚಿಕೊಂಡು, ಬಿಡಿಸುವಾಗ ಎರಡು ಥ್ರೆಡ್ ಹೋದವು. ಆ ಶಾಫ್ಟಿಗೆ ಮತ್ತೆ ಗೂಟ ಹಾಕಿ ಮೊದಲಿನಿಂದ ಮಾಡಿದೆ. ಉಳಿದವನ್ನು ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕೈಯಿಂದ ಟ್ಯಾಪ್ ಓಡಿಸಿ, ಥ್ರೆಡ್ಡಿಗೆ ಮೇಣ ಸವರಿದೆ.

ಏಪ್ರಿಲ್ 7: ಲೆಕ್ಕ ಮತ್ತು ಗಾಜಿನ ಮೇಲಿನ ಪರೀಕ್ಷೆ

ಸಿಲ್ವರ್ ಸ್ಟೀಲ್ ಎರಡು ಸರಳು 320 ರೂಪಾಯಿ, ಎರಡು ಸಲದ ಮಿಲ್ಲಿಂಗ್ 400, ಎರಡು ಪಿನ್ನು 1300, ಹಸಿರು ವೀಲ್ 380, ಅರಾಲ್ಡೈಟ್ 180, ಫೆವಿಕ್ವಿಕ್ 60, ಒಟ್ಟು 2640. ಗೆಳೆಯರಿಂದ ಕ್ಯೂ ಒಂದಕ್ಕೆ 900ರಂತೆ 3600 ತೆಗೆದುಕೊಂಡೆ. ವಹಿಯ ಪ್ರಕಾರ ನನ್ನ ಸಮಯ 46 ಗಂಟೆ. ಟ್ಯಾಪು, ಬಾರು, ಗಟ್ಟಿ ಮೂರೂ ಸಿದ್ಧವಿರುವುದರಿಂದ ಮುಂದಿನ ಕ್ಯೂವಿಗೆ ಐದು ಗಂಟೆ ಸಾಕೆಂದು ಅಂದಾಜು.

ಗಾಜಿನ ಮೇಲೆ ಉರುಳಿಸಿ, ತುದಿಯ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿದಾಗ ಮೊದಲ ಕ್ಯೂ 0.25, ಎರಡನೆಯದು 0.3, ಮೂರನೆಯದು 0.4 ಮಿ.ಮೀ. ಬಂದವು. ನಾಲ್ಕನೆಯದು 0.9. ಅದರ ಜಾಯಿಂಟನ್ನು ಬಿಚ್ಚಿ ಶಾಫ್ಟನ್ನು ಒಂಟಿಯಾಗಿ ಉರುಳಿಸಿದರೂ ಅಷ್ಟೇ ಬಂತು. ಶಾಫ್ಟೇ ನಡುವೆ ಬಾಗಿದೆ, ರಂಧ್ರದಲ್ಲಿ ದೋಷವಿಲ್ಲ. ಅದನ್ನು ಚೀಟಿಯಲ್ಲಿ ಬರೆದು ಕ್ಯೂವಿಗೆ ಕಟ್ಟಿ ಕೊಟ್ಟಿದ್ದೇನೆ. ಮಳೆಗಾಲದಲ್ಲಿ ಮರ ತೇವ ಹೀರಿದಾಗ ಥ್ರೆಡ್ ಬಿಗಿಯಾಗುತ್ತದೆಯೋ ನೋಡಲು ನಾಲ್ಕನ್ನೂ ಆಗಸ್ಟಿನಲ್ಲಿ ಒಂದು ದಿನದ ಮಟ್ಟಿಗೆ ಶೆಡ್ಡಿಗೆ ತರಬೇಕೆಂದು ಗೆಳೆಯರಿಗೆ ಹೇಳಿದ್ದೇನೆ. ಅಂದಿನ ಅಳತೆಗಾಗಿ ವಹಿಯಲ್ಲಿ ಒಂದು ಪುಟವನ್ನು ಖಾಲಿ ಬಿಟ್ಟಿದ್ದೇನೆ.